ನಿಮ್ಮ ಮೊದಲ ಕಛೇರಿ ಯಾವುದು? ನಾನು ಕೇಳಿದ್ದು ಯಾರನ್ನು ಅಂತ ಪತ್ತೆ ಮಾಡಲು ಸಹಾಯ ಮಾಡಿ

ಖಡ್ಕಿ ಹುಡುಗಿ, ಈಗ ಠಾಣೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಊಟಕ್ಕೆ ಕೂತಾಗ ಮಗ ಒಂದು ಪ್ರಶ್ನೆ ಕೇಳಿದ. ಅವನು 2025ರ ಜನವರಿಯಲ್ಲಿ ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಕೋಲ್ಡ್‌ಪ್ಲೇ ಕೇಳಿ ಬಂದವನು. ಅದೇ ಅವನ ಮೊದಲ ಲೈವ್ ಕಾರ್ಯಕ್ರಮ. ಇವತ್ತಿಗೂ ಅದರ ಮಾತು ಆಡುತ್ತಾನೆ. "ಅಮ್ಮಾ, ನಿನ್ನ ಮೊದಲನೇದು ಯಾವುದು?" ಅಂದ. ನಾನು ಥಟ್ಟನೆ "ಭೀಮಸೇನ ಜೋಶಿ, ಪುಣೆಯ ಸವಾಯಿ ಸಂಗೀತ ಉತ್ಸವ" ಅಂದೆ. "ಯಾವ ರಾಗ ಹಾಡಿದರು? ನೋಡೋಕೆ ಹೇಗಿದ್ದರು?" ಅಂದ. ಅಲ್ಲಿಗೆ ನನ್ನ ಮಾತು ನಿಂತಿತು.

ನನಗೆ ನೆನಪಿರೋದು ಇಷ್ಟು. ಆಗ ನನಗೆ ಎಂಟು ವರ್ಷ. 1980ರ ದಶಕದ ಮೊದಲ ವರ್ಷಗಳು. ಅಪ್ಪ ಗದಗದವರು, ಖಡ್ಕಿಯ ಕಾರ್ಖಾನೆಯಲ್ಲಿ ಕೆಲಸ. ಡಿಸೆಂಬರ್ ಚಳಿ. ತಮ್ಮ ಹಸುಗೂಸು, ಅಮ್ಮ ಅವನ ಜೊತೆ ಮನೆಯಲ್ಲೇ ಉಳಿದರು. ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋದರು. ಕಂಬಿಗೆ ಟವೆಲ್ ಸುತ್ತಿದ್ದರು. ಒಂದು ಶಾಲೆಯ ಮೈದಾನ. ದೊಡ್ಡ ಪೆಂಡಾಲು. ನೆಲಕ್ಕೆ ಜಮಖಾನ. ಸುತ್ತ ಜನವೋ ಜನ, ಎಲ್ಲರೂ ಶಾಲು ಹೊದ್ದವರು. ಸ್ವಲ್ಪ ಹೊತ್ತಿಗೆ ಅಪ್ಪನ ತೊಡೆಯ ಮೇಲೆ ನಿದ್ದೆ ಹೋದೆ.

ಎಚ್ಚರ ಆದಾಗ ಇನ್ನೂ ಕತ್ತಲು. ಒಂದು ಗಂಡು ಧ್ವನಿ ಹಾಡುತ್ತಿತ್ತು. ತುಂಬಿದ ಕೊಡವನ್ನು ಬಾವಿಯಿಂದ ಎಳೆಯುವ ಹಾಗೆ ನಿಧಾನಕ್ಕೆ ಮೇಲೆ ಬರುತ್ತಿತ್ತು. ಅದು ಬಿಟ್ಟಲ್ಲಿಂದ ಇನ್ನೊಂದು ತೆಳು ಧ್ವನಿ ಎತ್ತಿಕೊಳ್ಳುತ್ತಿತ್ತು. ಮುಂದೆ ಕೂತವರ ಬೆನ್ನು ಬಿಟ್ಟು ನನಗೆ ಏನೂ ಕಾಣಲಿಲ್ಲ. "ಯಾರಪ್ಪಾ ಹಾಡ್ತಿರೋದು?" ಅಂತ ಕೇಳಿದೆ. ಅಪ್ಪ ನನ್ನ ಕಡೆ ತಿರುಗದೆ, ತುಟಿಯ ಮೇಲೆ ಬೆರಳಿಟ್ಟು "ಬಾಯಿ" ಅಂದರು. ಬಾಯಿ ಮುಚ್ಚು ಅಂತ ಗದರಿದರು. ಅಪ್ಪ ಗದರುವವರೇ ಅಲ್ಲ. ನನಗೆ ಅಳು ಬಂತು. ಕೊನೆಯವರೆಗೂ ತುಟಿ ಬಿಚ್ಚಲಿಲ್ಲ.

ಮನೆಯಲ್ಲಿ ಯಾವಾಗಲೂ ಭೀಮಸೇನರ ಕ್ಯಾಸೆಟ್ ಓಡುತ್ತಿತ್ತು. ಹಾಗಾಗಿ ಅವರೇ ಅಂದುಕೊಂಡೆ. ನಲವತ್ತು ವರ್ಷದಿಂದ ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ಅಪ್ಪ ಈಗ ಇಲ್ಲ. ನಿಮ್ಮಲ್ಲಿ ಸವಾಯಿಗೆ ಹೋದವರು ಯಾರಾದರೂ ಹೇಳಿ, ನಾನು ಕೇಳಿದ್ದು ಭೀಮಸೇನರನ್ನೇ ಅಲ್ವಾ? ಹಾಗೇ ನಿಮ್ಮ ನಿಮ್ಮ ಮೊದಲ ಕಛೇರಿಯನ್ನೂ ಬರೆಯಿರಿ.

ಮಾಟುಂಗಾ ಮಾಣಿ

ಅಕ್ಕ, ಅನುಮಾನವೇ ಬೇಡ. ಗಂಡು ಧ್ವನಿ, ಸವಾಯಿ, ಬೆಳಗಿನ ಜಾವ. ಭೀಮಸೇನರೇ.

ನನ್ನದು ಕಿಂಗ್ಸ್ ಸರ್ಕಲ್ಲಿನ ಷಣ್ಮುಖಾನಂದ. ಫೆಬ್ರವರಿ 3. ಉಸ್ತಾದ್ ಅಲ್ಲಾರಖಾ 2000ದಲ್ಲಿ ಅದೇ ತಾರೀಖಿಗೆ ತೀರಿಕೊಂಡರು. ಅವರ ನೆನಪಿಗೆ ಮಗ ಜಾಕಿರ್ ಹುಸೇನ್ ಪ್ರತಿವರ್ಷ ಅಲ್ಲಿ ಕಾರ್ಯಕ್ರಮ ಮಾಡುತ್ತಿದ್ದರು. ಬೆಳ್ಳಂಬೆಳಗ್ಗೆ ಶುರು. ಅಪ್ಪನ ಗೆಳೆಯರು ಪಾಸ್ ತಂದುಕೊಟ್ಟಿದ್ದರು. ನಮ್ಮ ಚಾಳಿನಿಂದ ನಡೆದುಕೊಂಡೇ ಹೋದೆವು. ಹೊರಗೆ ಇನ್ನೂ ಹಾಲಿನ ಗಾಡಿ ಓಡಾಡುವ ಹೊತ್ತು, ಒಳಗೆ 2,700ಕ್ಕೂ ಜಾಸ್ತಿ ಸೀಟಿನ ಸಭಾಂಗಣ ಭರ್ತಿ! ನನಗೆ ಸಿಕ್ಕಿದ್ದು ಎಲ್ಲಕ್ಕಿಂತ ಮೇಲಿನ ಬಾಲ್ಕನಿ. ಜಾಕಿರ್ ಭಾಯಿ ಅಲ್ಲಿಂದ ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಆದರೆ ತಬಲಾ ಜೋಡಿಯ ಎಡಗೈ ಕಡೆಯ ಬಾಯಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಬರುವ ಗುಂಕಿ ಇದೆಯಲ್ಲ, ಅದು ನೇರ ಹೊಟ್ಟೆಗೇ ಬಂತು. 2024ರ ಡಿಸೆಂಬರಿನಲ್ಲಿ ಅವರು ಹೋದ ಸುದ್ದಿ ಬಂದ ದಿನ ಇಡೀ ರಾತ್ರಿ ಆ ಬಾಲ್ಕನಿಯೇ ಕಣ್ಣ ಮುಂದೆ.

ಕೋಥ್ರೂಡ್ ಅಜ್ಜ

ಮಾಣಿ, ಸ್ವಲ್ಪ ತಡಿ. "ಸವಾಯಿ ಅಂದರೆ ಭೀಮಸೇನ" ಅಂತ ಲೆಕ್ಕ ಹಾಕಬೇಡ. ಅವರು ಅದನ್ನು ಕಟ್ಟಿದವರು, ಸರಿ. ಆದರೆ ಮೂರು ರಾತ್ರಿಯಲ್ಲಿ ದೇಶದ ಎಷ್ಟೋ ದೊಡ್ಡವರು ಹಾಡುತ್ತಿದ್ದರು, ನುಡಿಸುತ್ತಿದ್ದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸವಾಯಿ ಗಂಧರ್ವರು ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳದವರು. ಹೆಸರು ರಾಮಭಾವು. ಕಿರಾನಾ ಘರಾನೆ ಅನ್ನುವ ಹಾಡುಗಾರಿಕೆಯ ಪರಂಪರೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರು. ಮರಾಠಿ ನಾಟಕದಲ್ಲಿ ಹೆಣ್ಣುಪಾತ್ರ ಮಾಡಿ ಹೆಸರು ಗಳಿಸಿದರು. ಆ ಕಾಲದ ಹೆಸರಾಂತ ರಂಗನಟ ಬಾಲಗಂಧರ್ವರಿಗಿಂತ ಒಂದು ಕಾಲು ಪಾಲು ಜಾಸ್ತಿ ಅಂತ ಜನ ಸವಾಯಿ ಅಂದರು. ಸವಾಯಿ ಅಂದರೆ ಒಂದೂಕಾಲು. 1952ರಲ್ಲಿ ತೀರಿಕೊಂಡರು. ಮರುವರ್ಷವೇ ಭೀಮಸೇನರು ಪುಣೆಯಲ್ಲಿ ಗುರುಗಳ ಹೆಸರಿನ ಉತ್ಸವ ಶುರು ಮಾಡಿದರು. ಗುರು ಕನ್ನಡದವರು, ಶಿಷ್ಯ ಕನ್ನಡದವರು, ಕೇಳಿ ಬೆಳೆಸಿದ್ದು ಪುಣೆ. ಈ ಊರಿನ ಋಣ ದೊಡ್ಡದು ಮಾರಾಯರೆ.

ಶಾಲೆಯ ಮೈದಾನ ಅಂದಿರಿ. ರಮಣಬಾಗಿನ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಬಹಳ ವರ್ಷ ನಡೆಯಿತು. ಅದಕ್ಕೂ ಮೊದಲು ಬೇರೆ ಕಡೆಯೂ ಆಗಿದೆ. ಈಗ ಮುಕುಂದ ನಗರಕ್ಕೆ ಹೋಗಿದೆ. ಹಾಗಾಗಿ ಮೈದಾನದಿಂದ ಪತ್ತೆ ಆಗುವುದಿಲ್ಲ. ಬೇರೆ ಏನಾದರೂ ನೆನಪಿದೆಯಾ ತಾಯಿ?

ಅಂಧೇರಿ ಕ್ಯಾಂಟೀನ್

ನನ್ನ ಮೊದಲ ಕಛೇರಿ ಮೈಕೆಲ್ ಜಾಕ್ಸನ್. 1996, ನವೆಂಬರ್ 1, ಅಂಧೇರಿ ಸ್ಪೋರ್ಟ್ಸ್ ಕಾಂಪ್ಲೆಕ್ಸ್. ಟಿಕೆಟ್ ಇರಲಿಲ್ಲ. ಗೋಡೆಯ ಹೊರಗೆ.

ನಾನು ಆಗಷ್ಟೇ ಕುಂದಾಪುರದಿಂದ ಬಂದು ಹೋಟೆಲಿಗೆ ಸೇರಿದ್ದೆ. ಹದಿನೇಳು ವರ್ಷ. ಹಗಲು ಟೇಬಲ್ ಒರೆಸುವುದು, ಸಂಜೆ ರಾತ್ರಿ ಶಾಲೆ. ಆ ದಿನ ಯಜಮಾನರು ಬೇಗ ಬಿಟ್ಟರು. ನಾಲ್ಕು ಜನ ಹುಡುಗರು ರಸ್ತೆಯಲ್ಲಿ ನಿಂತೆವು. ಹಾಡಿನ ಮಾತು ಒಂದೂ ಕೇಳಿಸಲಿಲ್ಲ. ಧಡ್ ಧಡ್ ಅಂತ ಬಡಿತ ಮಾತ್ರ. ಆಗಾಗ ಒಳಗಿನ ಜನರ ಕೂಗು ಅಲೆಯ ಹಾಗೆ ಎದ್ದು ಹೊರಗೆ ಬೀಳುತ್ತಿತ್ತು. ಒಳಗೆ ಅವರು ಕೂಗಿದಾಗಲೆಲ್ಲ ನಾವೂ ಕೂಗಿದೆವು. ಯಾಕೆ ಅಂತ ಗೊತ್ತಿಲ್ಲದೆ. ಊರಿಗೆ ಕಾಗದ ಬರೆದೆ, "ಮೈಕೆಲ್ ಜಾಕ್ಸನ್ ಕಾರ್ಯಕ್ರಮಕ್ಕೆ ಹೋಗಿದ್ದೆ" ಅಂತ.

ವಿಲೇಪಾರ್ಲೆ ಪೂರ್ವ

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಕಲಾವಿದನ ಮುಖ ಕಾಣಬೇಕು, ಹಾಡು ಕೇಳಬೇಕು. ಎರಡೂ ಇಲ್ಲ ಅಂದಮೇಲೆ ಕಛೇರಿ ಹೇಗಾಗುತ್ತದೆ?

ಖಡ್ಕಿ ಹುಡುಗಿ, ಈಗ ಠಾಣೆ

ಹಾಗಾದರೆ ನನ್ನದೂ ಲೆಕ್ಕಕ್ಕಿಲ್ಲ. ನನಗೂ ಮುಖ ಕಾಣಲಿಲ್ಲವಲ್ಲ.

ಮಿಕ್ಸರ್ ಮುಂದೆ

ಲೆಕ್ಕಕ್ಕೆ ಬರುತ್ತದೆ. ನಾನು ಇಪ್ಪತ್ತು ವರ್ಷದಿಂದ ಕಾರ್ಯಕ್ರಮಗಳಿಗೆ ಧ್ವನಿ ವ್ಯವಸ್ಥೆ ಮಾಡುವವನು. ಗೋಡೆಯ ಹೊರಗೆ ಬಡಿತ ಮಾತ್ರ ಯಾಕೆ ಕೇಳಿತು ಅಂತ ಹೇಳುತ್ತೇನೆ.

ಬಾಸ್ ಅಂದರೆ ನಿಧಾನದ ಕಂಪನ. ಸೆಕೆಂಡಿಗೆ 50 ಸಲ ಕಂಪಿಸುವ ಧ್ವನಿಯ ಒಂದೊಂದು ಅಲೆ ಸುಮಾರು 7 ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಕಾಂಪೌಂಡ್ ಗೋಡೆ ದೊಡ್ಡ ಅಡ್ಡಿಯೇ ಅಲ್ಲ. ಬಾಗಿ ದಾಟಿ ಬರುತ್ತದೆ. ಹಾಡಿನ ಮಾತು ಸ್ಪಷ್ಟ ಕೇಳಬೇಕಾದರೆ ಸಕಾರ, ತಕಾರದಂಥ ಚೂಪು ಸದ್ದು ಕಿವಿಗೆ ಬೀಳಬೇಕು. ಅವು ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವಂಥವು. 5,000 ಅಂತ ಇಟ್ಟುಕೊಂಡರೆ ಅಲೆಯ ಉದ್ದ ಬರೀ 7 ಸೆಂಟಿಮೀಟರ್. ಅದಕ್ಕೆ ಗೋಡೆ ಅಡ್ಡ ಬಂದರೆ ಅಲ್ಲೇ ಮುಗಿಯಿತು. ಜನರ ಮೈ, ಬಟ್ಟೆ, ಗಾಳಿ ಎಲ್ಲವೂ ಅದನ್ನು ನುಂಗುತ್ತವೆ. ಹಾಗಾಗಿ ಕ್ಯಾಂಟೀನ್ ಅಣ್ಣ ಕೇಳಿದ್ದು ಅದೇ ಡ್ರಮ್, ಅದೇ ಬಾಸ್, ಅದೇ ಕ್ಷಣದ್ದು. ಅರ್ಧ ಹಾಡು ಗೋಡೆ ದಾಟಿ ಬಂತು, ಇನ್ನರ್ಧ ಒಳಗೇ ಉಳಿಯಿತು, ಅಷ್ಟೇ.

ಅಂಧೇರಿ ಕ್ಯಾಂಟೀನ್

ಇಷ್ಟು ವರ್ಷಕ್ಕೆ ಒಬ್ಬರು ಸರಿಯಾಗಿ ಹೇಳಿದಿರಿ. ಇದನ್ನು ನನ್ನ ಮಗಳಿಗೆ ಓದಿಸಿದೆ.

ಚೆಂಡೆ ಸದ್ದು

ಯಕ್ಷಗಾನ ಲೆಕ್ಕಕ್ಕೆ ಬರುತ್ತದಾ? ಬಂದರೆ ನನ್ನದು ಮಾಟುಂಗಾದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ.

ವಿಲೇಪಾರ್ಲೆ ಪೂರ್ವ

ಯಕ್ಷಗಾನ ಆಟ. ಕಛೇರಿ ಅಲ್ಲ.

ಚೆಂಡೆ ಸದ್ದು

ಆಟ ಅಂತ ನನಗೂ ಗೊತ್ತು ಮಾರಾಯರೆ. ಆದರೆ ನಾನು ನೋಡಿದ್ದು ವೇಷವನ್ನಲ್ಲ. ನಮ್ಮ ಕಡೆ ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ವಿಶೇಷ ದಿನ) ಕಳೆದರೆ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬಂದು ಸಭಾಂಗಣಗಳಲ್ಲಿ ಆಟ ಆಡುತ್ತಾರೆ. ನಾನಾಗ ಆರನೇ ಕ್ಲಾಸು. ಮುಂದಿನ ಸಾಲಿನಲ್ಲೇ, ಸರಿಯಾಗಿ ಹಿಮ್ಮೇಳದ ಎದುರು ಜಾಗ ಸಿಕ್ಕಿತು. ಭಾಗವತರು ಜಾಗಟೆ ಹಿಡಿದು ಪದ ಎತ್ತಿದರು. ಮದ್ದಳೆ ಅವರ ಜೊತೆ ಮಾತಾಡಿದ ಹಾಗೆ ಹೋಗುತ್ತಿತ್ತು. ಆಮೇಲೆ ಚೆಂಡೆಯವರು ಎದ್ದು ನಿಂತರು. ಮೊದಲ ಪೆಟ್ಟು ಬಿದ್ದಾಗ ಹೊರಗಿನ ಮಳೆಯ ಸದ್ದು ಪೂರ್ತಿ ನಿಂತುಹೋಯಿತು. ಮೂರು ಗಂಟೆ ನಾನು ವೇಷದ ಕಡೆ ಕಣ್ಣೆತ್ತಲಿಲ್ಲ. ಬರೀ ಆ ಕೋಲು, ಆ ಮಣಿಗಂಟು. ಇದು ಕಛೇರಿ ಅಲ್ಲದೆ ಇನ್ನೇನು?

ಕೋಥ್ರೂಡ್ ಅಜ್ಜ

ನಾನು ಒಪ್ಪುತ್ತೇನೆ. ಇದು ಕಛೇರಿಯೇ.

ವಿಲೇಪಾರ್ಲೆ ಪೂರ್ವ

ಸರಿ ಅಜ್ಜ, ನೀವು ಹೇಳಿದ ಮೇಲೆ ಆಯಿತು. ಚೆಂಡೆಯವರೇ, ಒಪ್ಪಿದೆ.

ಮಾಂಡವಿ ದಂಡೆ

ಗೋವಾದಿಂದ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಮ್ಮಪ್ಪ ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ವಾಸ್ಕೋಗೆ ಬಂದವರು. ಮನೆಯಲ್ಲಿ ಹಾಡು ಅಂದರೆ ಅವ್ವನ ಬೀಸುವ ಪದ, ಅಷ್ಟೇ. ಒಂಬತ್ತನೇ ಕ್ಲಾಸಿನಲ್ಲಿ ನಮ್ಮ ಟೀಚರ್ ಹತ್ತು ಮಕ್ಕಳನ್ನು ಬಸ್ಸಿನಲ್ಲಿ ಪಣಜಿಯ ಕಲಾ ಅಕಾಡೆಮಿಗೆ ಕರೆದುಕೊಂಡು ಹೋದರು. ಕೇಸರಬಾಯಿ ಕೇರ್ಕರ್ ಸಂಗೀತ ಸಮಾರೋಹ. ಮಾಂಡವಿ ನದಿಯ ಪಕ್ಕದ ಕಟ್ಟಡ. ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ್ದು. ನನಗೆ ಅವತ್ತು ಹೊಳೆದಿದ್ದು ಬೇರೆ. ಇಂಥ ಗೋಡೆಗೂ ನಮ್ಮಪ್ಪನಂಥವರೇ ಗಾರೆ ಹಾಕಿರುತ್ತಾರೆ ಅಂತ. ಕೈಯಿಂದ ಮುಟ್ಟಿ ನೋಡಿದೆ.

ಬಸ್ಸಿನಲ್ಲಿ ಟೀಚರ್ ಒಂದು ಕಥೆ ಹೇಳಿದ್ದರು. 1977ರಲ್ಲಿ ಅಮೆರಿಕದವರು ವಾಯೇಜರ್ ನೌಕೆಗಳನ್ನು ಹಾರಿಸಿದಾಗ ಒಂದೊಂದರಲ್ಲೂ ಒಂದು ಚಿನ್ನದ ಲೇಪದ ರೆಕಾರ್ಡ್ ಇಟ್ಟರು. ಅದರಲ್ಲಿ ಭಾರತದಿಂದ ಒಂದೇ ಹಾಡು, ಕೇಸರಬಾಯಿ ಹಾಡಿದ ಭೈರವಿ. ಗೋವಾದ ಕೇರಿ ಅನ್ನುವ ಹಳ್ಳಿಯ ಹೆಣ್ಣುಮಗಳ ಧ್ವನಿ. ಸೆಪ್ಟೆಂಬರ್ 5ಕ್ಕೆ ವಾಯೇಜರ್ 1 ಹಾರಿತು, ಅದೇ ತಿಂಗಳ 16ಕ್ಕೆ ಕೇಸರಬಾಯಿ ತೀರಿಕೊಂಡರು. ಟೀಚರ್ ಇಷ್ಟು ಹೇಳಿ ಸುಮ್ಮನಾದರು. ಇಡೀ ಬಸ್ಸೇ ಸುಮ್ಮನಾಯಿತು.

ಆ ದಿನ ವೇದಿಕೆಯ ಮೇಲೆ ಯಾರು ಹಾಡಿದರು ಅಂತ ನನಗೂ ನೆನಪಿಲ್ಲ ಅಕ್ಕ. ಇಬ್ಬರು ತಂಬೂರಿ ಹಿಡಿದಿದ್ದರು. ಹಾಡು ಶುರು ಆಗುವ ಮೊದಲು ಬರೀ ತಂಬೂರಿ ಕೇಳಿಸಿದ ಆ ಎರಡು ನಿಮಿಷ ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಮಾಟುಂಗಾ ಮಾಣಿ

ತಂಬೂರಿ ಅಂದಿರಿ ಅಂತ ನೆನಪಾಯಿತು. ಮಿರಜಿಗೆ ಹೋದರೆ ತಂಬೂರಿ ಮಾಡುವ ಅಂಗಡಿಗಳನ್ನು ನೋಡಿ ಬನ್ನಿ. ಛಾವಣಿಯಿಂದ ಒಣ ಕುಂಬಳದ ಬುರುಡೆಗಳು ನೇತಾಡುತ್ತಿರುತ್ತವೆ. ಪಂಢರಪುರದ ಕಡೆಯಿಂದ ತರಿಸುತ್ತಾರೆ. 2024ರಲ್ಲಿ ಮಿರಜಿನ ಸಿತಾರ್, ತಂಬೂರಿಗೆ ಜಿಐ (ಭೌಗೋಳಿಕ ಸೂಚಕ) ಗುರುತೂ ಸಿಕ್ಕಿದೆ.

ಸದಾಶಿವ ಪೇಠ್ ಸೊಸೆ

ಮೂಲ ವಿಷಯಕ್ಕೆ ಬರೋಣ. ಅಕ್ಕ ಬೆಳಗಿನ ಜಾವ ಕೇಳಿದೆ ಅಂದರಲ್ಲ, ಅದನ್ನು ಓದಿ ನನಗೆ ಹೊಟ್ಟೆ ಉರಿಯಿತು. ನಾನು ಮದುವೆಯಾಗಿ ಪುಣೆಗೆ ಬಂದಿದ್ದು 2008ರಲ್ಲಿ. ಅಷ್ಟರಲ್ಲಿ ಇಡೀ ರಾತ್ರಿಯ ಕಛೇರಿ ಮುಗಿದ ಕಥೆ. 2000ದ ಶಬ್ದಮಾಲಿನ್ಯ ನಿಯಮ ಬಂತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಮೈಕ್ ಇಲ್ಲ. ವರ್ಷಕ್ಕೆ ಕೆಲವು ದಿನ ಮಾತ್ರ 12ರವರೆಗೆ ಸಡಿಲ. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡಿತು. ಪೆಂಡಾಲಿನಲ್ಲಿ ಕೂತು ಬೆಳಗಿನ ಜಾವಕ್ಕೆ ಲಲತ್, ಆಮೇಲೆ ತೋಡಿ, ಎಳೆಬಿಸಿಲಿಗೆ ಭೈರವಿ. ಇದೆಲ್ಲ ನಮ್ಮ ಮಾವನವರ ಬಾಯಲ್ಲಿ ಕೇಳಿದ್ದೇ ಬಂತು. ಆ ಹೊತ್ತಿನ ರಾಗವನ್ನು ಆ ಹೊತ್ತಿಗೇ ಕೇಳುವ ಭಾಗ್ಯ ನಮ್ಮ ಕಾಲದವರಿಗೆ ತಪ್ಪಿತು.

ಮಿಕ್ಸರ್ ಮುಂದೆ

ನಾನು ಇದನ್ನು ಒಪ್ಪುವುದಿಲ್ಲ. ನಿಯಮ ಬೇಕಿತ್ತು. ಸವಾಯಿಗೆ ಅಂತ ಬೇರೆ ನಿಯಮ, ಬೀದಿಯ ಡಿಜೆಗೆ ಬೇರೆ ನಿಯಮ ಮಾಡಲು ಆಗುವುದಿಲ್ಲ. ನನ್ನ ಅಮ್ಮ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಿದ್ದಾಗ ಪಕ್ಕದ ಮೈದಾನದಲ್ಲಿ ರಾತ್ರಿ ಒಂದು ಗಂಟೆಯವರೆಗೆ ಸ್ಪೀಕರ್. ನಾನೇ ಆ ಕೆಲಸದವನು, ಆದರೂ ಹೋಗಿ ಕೈಮುಗಿದು ಕೇಳಿಕೊಳ್ಳಬೇಕಾಯಿತು. ಬೆಳಗಿನ ರಾಗ ಬೇಕಾದರೆ ಮುಚ್ಚಿದ ಸಭಾಂಗಣ ಇದೆ. ಬೆಳಗ್ಗೆ ಆರಕ್ಕೆ ಶುರು ಮಾಡಿದರೂ ತೋಡಿ ಸಿಗುತ್ತದೆ.

ಸದಾಶಿವ ಪೇಠ್ ಸೊಸೆ

ಅಮ್ಮನ ವಿಷಯ ಓದಿ ಬೇಜಾರಾಯಿತು ಅಣ್ಣ. ನಿಮ್ಮ ಮಾತು ಸರಿ. ಆದರೂ ಬೆಳಗ್ಗೆ ಎದ್ದು ಸ್ನಾನ ಮಾಡಿ ಹೋಗಿ ತೋಡಿ ಕೇಳುವುದು ಬೇರೆ, ಇಡೀ ರಾತ್ರಿ ಕೂತು ಅಲ್ಲಿಗೆ ಬಂದು ಮುಟ್ಟುವುದು ಬೇರೆ. ನಾನು ಹೇಳಿದ್ದು ಅಷ್ಟೇ.

ಚೆಂಡೆ ಸದ್ದು

ನಮ್ಮಲ್ಲೂ ಇದೇ ಜಗಳ. ಈಗ ಎಲ್ಲ ಕಡೆ ಕಾಲಮಿತಿ ಆಟ. ಬೆಳಗಾಗುವ ಹೊತ್ತಿಗೆ ಭಾಗವತರ ಗಂಟಲಿನಲ್ಲಿ ಬರುವ ಆ ಪಾಕ, ಮೂರು ಗಂಟೆಯ ಆಟದಲ್ಲಿ ಎಲ್ಲಿಂದ ಬರಬೇಕು?

ಹುಬ್ಬಳ್ಳಿ ಮಗಳು, ಚಿಂಚವಡ

ನಾನು ಎರಡು ದಿನದಿಂದ ಇದನ್ನು ಓದುತ್ತಿದ್ದೇನೆ. ಯಾರಾದರೂ ಹೇಳುತ್ತೀರಿ ಅಂತ ಕಾದೆ. ಯಾರೂ ಹೇಳಲಿಲ್ಲ.

ಅಕ್ಕಾ, ನಿಮ್ಮಪ್ಪ ನಿಮ್ಮನ್ನು ಗದರಲಿಲ್ಲ. ನೀವು "ಯಾರಪ್ಪಾ ಹಾಡ್ತಿರೋದು" ಅಂತ ಕೇಳಿದಿರಿ. ಅವರು ಉತ್ತರ ಕೊಟ್ಟರು. "ಬಾಯಿ" ಅಂದರು. ಗಂಗೂಬಾಯಿ!

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಬಾಯಿ ಅಂದರೆ ಗಂಗೂಬಾಯಿ ಹಾನಗಲ್, ಬೇರೆ ಯಾರೂ ಅಲ್ಲ. "ಇವತ್ತು ರೇಡಿಯೋದಾಗ ಬಾಯಿ ಹಾಡತಾರ" ಅಂದರೆ ಅಜ್ಜ ಊಟಕ್ಕೂ ಏಳುತ್ತಿರಲಿಲ್ಲ. ನಿಮ್ಮಪ್ಪ ಗದಗದವರು, ಹಾಗೇ ಅಂದಿರುತ್ತಾರೆ. ನೀವು ಕೇಳಿದ್ದು ಗಂಡು ಧ್ವನಿ ಅಲ್ಲ. ಬಾಯಿಯವರ ಧ್ವನಿ ಇದ್ದದ್ದೇ ಹಾಗೆ. ಹುಡುಗಿಯಾಗಿದ್ದಾಗ ತೆಳು ಇತ್ತು. 1930ರ ದಶಕದಲ್ಲಿ ಗಂಟಲಿನ ಚಿಕಿತ್ಸೆ ಆದ ಮೇಲೆ ದಪ್ಪ ಆಯಿತು. ಅವರು ಅದನ್ನೇ ತಮ್ಮ ಗಾಯನ ಮಾಡಿಕೊಂಡರು. ಇನ್ನು ಆ ತೆಳು ಧ್ವನಿ ಯಾರದ್ದು ಅಂತೀರಿ? ಮಗಳು ಕೃಷ್ಣಾ ಹಾನಗಲ್. ಎಷ್ಟೋ ದಶಕ ತಾಯಿಯ ಹಿಂದೆ ಕೂತು ಹಾಡಿದರು. ತಾಯಿ ಬಿಟ್ಟಲ್ಲಿಂದ ಮಗಳು ಎತ್ತಿಕೊಳ್ಳುವುದು, ನೀವು ಬರೆದ ಹಾಗೇ.

ಗಂಗೂಬಾಯಿಯೂ ಸವಾಯಿ ಗಂಧರ್ವರ ಶಿಷ್ಯೆಯೇ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತವರು. ಪುಣೆಯ ಉತ್ಸವ ಅವರಿಗೆ ಗುರುವಿನ ಮನೆಯ ಕೆಲಸ ಇದ್ದ ಹಾಗೆ.

ಮಾಟುಂಗಾ ಮಾಣಿ

ಮೈ ಜುಂ ಅಂತು!

ವಿಲೇಪಾರ್ಲೆ ಪೂರ್ವ

ಒಂದು ನಿಮಿಷ. ಚೆನ್ನಾಗಿದೆ ಅಂತ ತಕ್ಷಣ ಒಪ್ಪಬಾರದು. ಭೀಮಸೇನರ ಹಿಂದೆಯೂ ಶಿಷ್ಯರು ಕೂತು ಹಾಡುತ್ತಿದ್ದರು. ಎಳೆ ಹುಡುಗನ ಧ್ವನಿ ತೆಳುವೇ ಇರುತ್ತದೆ. ಮತ್ತೆ, ತುಟಿಯ ಮೇಲೆ ಬೆರಳಿಟ್ಟರು ಅಂತ ಅಕ್ಕನೇ ಬರೆದಿದ್ದಾರೆ. ಅಂದರೆ ಸುಮ್ಮನಿರು ಅಂತಲೇ ಅರ್ಥ ಅಲ್ವಾ?

ಹುಬ್ಬಳ್ಳಿ ಮಗಳು, ಚಿಂಚವಡ

ಬೆರಳಿಟ್ಟಿದ್ದು ಸುಮ್ಮನಿರು ಅಂತ. ಬಾಯಿ ಅಂದದ್ದು ಉತ್ತರ. ಎರಡನ್ನೂ ಒಟ್ಟಿಗೇ ಮಾಡಬಹುದಲ್ಲ! ಬಾಯಿ ಮುಚ್ಚು ಅನ್ನಬೇಕಾದರೆ "ಮುಚ್ಚು" ಅಂತಾರೆ. ಬರೀ "ಬಾಯಿ" ಅಂತ ಯಾರು ಗದರುತ್ತಾರೆ?

ಕೋಥ್ರೂಡ್ ಅಜ್ಜ

ಹುಬ್ಬಳ್ಳಿ ತಾಯಿಯ ಮಾತು ನನಗೆ ಸರಿ ಅನಿಸುತ್ತದೆ. ಇನ್ನೊಂದು ಕೇಳುತ್ತೇನೆ. ಖಡ್ಕಿ ತಾಯಿ, ನಿಮ್ಮಪ್ಪ ಆಮೇಲೆ ಮನೆಯಲ್ಲಿ ಯಾವತ್ತಾದರೂ ಹಾಡಿಕೊಂಡಿದ್ದುಂಟಾ? ಆಗ ಕೈ ಏನು ಮಾಡುತ್ತಿದ್ದರು? ನಗಬೇಡಿ, ಕಾರಣ ಇದೆ.

ಖಡ್ಕಿ ಹುಡುಗಿ, ಈಗ ಠಾಣೆ

ನಗುವುದೆಲ್ಲಿ ಅಜ್ಜ, ಬೆಳಗ್ಗೆಯಿಂದ ಅಳುತ್ತಲೇ ಇದ್ದೇನೆ.

ಅಪ್ಪ ಭಾನುವಾರ ದಾಡಿ ಮಾಡಿಕೊಳ್ಳುವಾಗ ಹಾಡುತ್ತಿದ್ದರು. ಒಂದು ಕೆನ್ನೆಗೆ ಸೋಪು ಹಾಗೇ ಇರುತ್ತಿತ್ತು. ರೇಜರ್ ಕೆಳಗಿಟ್ಟು, ಒಂದು ಕೈಯನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಹಾಡುತ್ತಿದ್ದರು. ಕಿವಿಗೆ ಸೋಪು ಮೆತ್ತಿದೆ ಅಂತ ಅಮ್ಮ ರೇಗುತ್ತಿದ್ದರು.

ಕೋಥ್ರೂಡ್ ಅಜ್ಜ

ಹಾಗಾದರೆ ಮುಗಿಯಿತು. ನಾನು ಇಬ್ಬರನ್ನೂ ಎದುರು ಕೂತು ಕೇಳಿದ್ದೇನೆ. ಭೀಮಸೇನರ ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ. ಎರಡೂ ತೋಳು ಚಾಚಿ, ನೆಲದಿಂದ ಏನೋ ಕಿತ್ತು ತೆಗೆಯುವ ಹಾಗೆ ಇಡೀ ಮೈ ಆಡುತ್ತಿತ್ತು. ಗಂಗೂಬಾಯಿ ಅಲುಗದೆ ಕೂರುತ್ತಿದ್ದರು. ಕೈ ಮಾತ್ರ ಕಿವಿಯ ಮೇಲೆ. ಅವರ ಎಷ್ಟೋ ಫೋಟೋಗಳಲ್ಲೂ ಹಾಗೇ ಇದೆ, ನೋಡಿ. ನಿಮ್ಮಪ್ಪ ಮನೆಯಲ್ಲಿ ಯಾರ ಕ್ಯಾಸೆಟ್ ಹಾಕಿದರೂ, ಹಾಡುವಾಗ ಹಿಡಿದಿದ್ದು ಬಾಯಿಯವರ ಕೈ.

ಆದರೂ ಒಂದು ಮಾತು. ಅಮ್ಮ ಇದ್ದಾರಾ? ಕೇಳಿ ನೋಡಿ.

ಖಡ್ಕಿ ಹುಡುಗಿ, ಈಗ ಠಾಣೆ

ಅಮ್ಮ ತಮ್ಮನ ಜೊತೆ ಪಿಂಪ್ರಿಯಲ್ಲಿದ್ದಾರೆ. ಅವತ್ತು ಅವರು ಬಂದಿರಲಿಲ್ಲವಲ್ಲ, ಅದಕ್ಕೇ ಇದುವರೆಗೆ ಕೇಳಿರಲಿಲ್ಲ. ಈಗಲೇ ಫೋನ್ ಮಾಡುತ್ತೇನೆ.

ವಿಲೇಪಾರ್ಲೆ ಪೂರ್ವ

ಕಾಯುತ್ತಿದ್ದೇನೆ. ಅಜ್ಜನ ಕೈ ಸಾಕ್ಷಿ ಗಟ್ಟಿಯಾಗಿದೆ ಅಂತ ಒಪ್ಪುತ್ತೇನೆ.

ಅಂಧೇರಿ ಕ್ಯಾಂಟೀನ್

ನಾನು ಗಲ್ಲಾದಲ್ಲಿ ಕೂತು ಇದನ್ನೇ ನೋಡುತ್ತಿದ್ದೇನೆ. ಗಿರಾಕಿ ಚಿಲ್ಲರೆ ಕೇಳುತ್ತಿದ್ದಾರೆ.

ಸದಾಶಿವ ಪೇಠ್ ಸೊಸೆ

ಅಲ್ಲಿಯವರೆಗೆ ಇನ್ನೊಂದು ಹೇಳುತ್ತೇನೆ. ಸವಾಯಿಯ ಕೊನೆಗೆ ಇವತ್ತಿಗೂ ಗುರುಗಳ ಹಳೆಯ ಧ್ವನಿಮುದ್ರಿಕೆಯ ಭೈರವಿ ಹಾಕುತ್ತಾರೆ. ಅಷ್ಟು ಹೊತ್ತಿಗೆ ಜನ ಚಾಪೆ ಸುತ್ತಿರುತ್ತಾರೆ, ಚಪ್ಪಲಿ ಹುಡುಕುತ್ತಿರುತ್ತಾರೆ. ಆ ಧ್ವನಿ ಬಂದ ಕೂಡಲೇ ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ. ನನ್ನ ಮೊದಲ ಸವಾಯಿಯಲ್ಲಿ ನನಗೆ ಇದು ಗೊತ್ತಿರಲಿಲ್ಲ. ಚಪ್ಪಲಿ ಕೈಯಲ್ಲೇ ಹಿಡಿದು ನಿಂತಿದ್ದೆ. ಕುಂದಗೋಳದವರು ಹಾಡುತ್ತಿದ್ದಾರೆ, ಪುಣೆ ನಿಂತು ಕೇಳುತ್ತಿದೆ!

ಖಡ್ಕಿ ಹುಡುಗಿ, ಈಗ ಠಾಣೆ

ಅಮ್ಮನ ಜೊತೆ ಮಾತಾಡಿದೆ. ಅಮ್ಮ ಹೇಳಿದ ಹಾಗೇ ಬರೆಯುತ್ತೇನೆ.

"ಅಪ್ಪ ಅವತ್ತು ಯಾರ ಹಾಡು ಕೇಳಿಸಿದ್ದು?" ಅಂದೆ. ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಗಂಗೂಬಾಯಿದು. ನಿನಗೆ ಗೊತ್ತಿಲ್ಲೇನು?" ಅಂದರು. ಭೀಮಸೇನರನ್ನೂ ಕೇಳಿದೆವಾ ಅಂದೆ. "ಅವರು ಹಾಡೋ ಹೊತ್ತಿಗೆ ಮತ್ತೆ ಮಲಗಿದ್ದಿಯಂತೆ" ಅಂದರು.

ಆಮೇಲೆ ಅಮ್ಮ ತಾವಾಗಿಯೇ ಹೇಳಿದರು. ಅಪ್ಪ ಅದನ್ನು ಕಾರ್ಖಾನೆಯಲ್ಲಿ, ಗದಗಿನಲ್ಲಿ, ಬಂದ ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದರಂತೆ. "ನನ್ನ ಮಗಳು ಎಂಟು ವರ್ಷದಾಕಿ, ಬಾಯಿ ಹಾಡೋದು ಮುಗಿಯೋತನಕ ಒಂದು ಮಾತು ಆಡಲಿಲ್ಲ. ಕಣ್ಣಾಗ ನೀರು ಬಂದಿತ್ತು ಆಕಿಗೆ" ಅಂತ.

ಹುಬ್ಬಳ್ಳಿ ಮಗಳು, ಚಿಂಚವಡ

ಅಕ್ಕಾ, ನಾಳೆ ನಾನು ಪಿಂಪ್ರಿ ಕಡೆ ಬರುವುದಿದೆ. ಅಮ್ಮನನ್ನು ನೋಡಬಹುದಾ? ನನ್ನ ಅಜ್ಜನ ಹತ್ತಿರ ಬಾಯಿಯವರ ಹಳೆಯ ರೆಕಾರ್ಡುಗಳಿದ್ದವು. ಎಲ್ಲವನ್ನೂ ಫೋನಿಗೆ ಹಾಕಿಸಿಕೊಂಡಿದ್ದೇನೆ. ತಂದು ಕೇಳಿಸುತ್ತೇನೆ.

ಖಡ್ಕಿ ಹುಡುಗಿ, ಈಗ ಠಾಣೆ

ಬನ್ನಿ. ನಾನೂ ಬೆಳಗ್ಗೆ ಗಾಡಿ ಹಿಡಿದು ಬರುತ್ತೇನೆ. ಮಗನೂ ಬರುತ್ತೇನೆ ಅಂತಿದ್ದಾನೆ.